ತೊಡೆಯ ಮೇಲಿನ ಕೆಂಪು ಟವಾಲು

ಹಾರವಾಡ

ತೈವಾನಿಗೆ ಹೋಗಿ ಬಂದೆ ಅಂದರೆ ನಮ್ಮ ಹಾರವಾಡದಲ್ಲಿ ಎಲ್ಲರೂ ಮೊದಲು ಕೇಳುವುದು, ‘ಅಲ್ಲಿ ಮೀನು ಹೆಂಗಿದೆ?’ ಎಂದು. ಮೀನು ಚೆನ್ನಾಗಿದೆ. ಆದರೆ ನಾನು ಹೋದದ್ದು ಮೀನಿಗಲ್ಲ, ಮಗಳ ಸಾಫ್ಟ್‌ಬಾಲಿಗೆ. ಹಾಗಂದ ಕೂಡಲೇ ಎರಡನೆಯ ಪ್ರಶ್ನೆ ಬರುತ್ತದೆ: ‘ಅದೆಂತ ಬಾಲು ಮಾರಾಯ?’

ವಿವರಿಸಿ ವಿವರಿಸಿ ನನ್ನ ಬಾಯಿ ಸೋತಿದೆ. ಕ್ರಿಕೆಟ್ಟಿನ ಹಾಗೆ ಬ್ಯಾಟಿದೆ, ವಿಕೆಟ್ಟಿಲ್ಲ. ಮೈದಾನದ ನಾಲ್ಕು ಮೂಲೆಗೆ ನಾಲ್ಕು ಬೇಸು. ಚೆಂಡು ಹೊಡೆದವಳು ಒಂದರಿಂದ ಒಂದಕ್ಕೆ ಓಡುತ್ತ ಮೂರನೆಯದನ್ನೂ ದಾಟಿ, ಹೊರಟ ಜಾಗಕ್ಕೇ ಬಂದು ಮುಟ್ಟಿದರೆ ಒಂದು ರನ್. ಆ ಜಾಗಕ್ಕೆ ‘ಹೋಮ್’ ಅನ್ನುತ್ತಾರೆ, ಅಂದರೆ ಮನೆ. ನಡುದಾರಿಯಲ್ಲಿ ಯಾರಾದರೂ ಚೆಂಡು ಹಿಡಿದು ಮೈ ಮುಟ್ಟಿಸಿದರೆ ಔಟ್. ಇಷ್ಟು ಗೊತ್ತಾದರೆ ಸಾಕು. ನನ್ನ ಪ್ರವಾಸದ ಕಥೆಯೆಲ್ಲ ಮೂರನೇ ಬೇಸಿನಿಂದ ಮನೆಗೆ ಇರುವ ಆ ಗೇಣುದ್ದದ ದಾರಿಯಲ್ಲೇ ಇದೆ.

ನಾನು ಕಾರವಾರದ ಬಂದರಿನ ಬಳಿ ಒಂದು ಐಸ್ ಫ್ಯಾಕ್ಟರಿಯಲ್ಲಿ ಮ್ಯಾನೇಜರು. ಮಗಳು ನಾಗವೇಣಿ, ನಮಗೆ ವೇಣಿ, ಆಗ ಒಂಬತ್ತನೇ ಕ್ಲಾಸು ಮುಗಿಸಿದ್ದಳು. ಅಂಕೋಲೆಯ ಶಾಲೆಯಲ್ಲಿ ಆಟ ಕಲಿಸುವ ಅಕ್ಕೋರು ಇವಳ ಓಟ ನೋಡಿ ಸಾಫ್ಟ್‌ಬಾಲಿಗೆ ಎಳೆದುಕೊಂಡರು. ಅವತ್ತಿನಿಂದ ನನ್ನ ಬೆಳಗುಗಳು ಹಾರವಾಡದ ಕಡಲತಡಿಯ ಹೊಯಿಗೆಯ ಮೇಲೆಯೇ. ಅವಳು ಎಸೆಯಬೇಕು, ನಾನು ಕುಕ್ಕರಗಾಲಲ್ಲಿ ಕೂತು ಹಿಡಿಯಬೇಕು. ಸಾಫ್ಟ್‌ಬಾಲ್ ಎಂದು ಹೆಸರಿಟ್ಟವನು ಅದನ್ನು ಮೊಣಗಂಟಿಗೆ ಬಡಿಸಿಕೊಂಡಿರಲಿಕ್ಕಿಲ್ಲ. ಧಾರವಾಡ, ಮೈಸೂರು, ಎಲ್ಲಿ ಪಂದ್ಯವಿದ್ದರೂ ನಾನು ಹಾಜರು. ‘ಆಡೂದು ಅವಳಾ, ನೀವಾ?’ ಎಂದು ಹೆಂಡತಿ ಶಾರದಾ ಕೇಳುವಳು.

ಈಗ ಟವಾಲಿನ ವಿಷಯ ಹೇಳಬೇಕು. ನಮ್ಮದು ರಂಪಣಿ ಮನೆತನ. ರಂಪಣಿ ಅಂದರೆ ಕಡಲಲ್ಲಿ ಸುತ್ತು ಹಾಕಿ ದಡಕ್ಕೆ ಎಳೆಯುವ ದೊಡ್ಡ ಬಲೆ. ಊರಿಗೆ ಊರೇ ಸೇರಿ ಎಳೆಯಬೇಕು. ದೋಣಿಯಲ್ಲಿದ್ದವರಿಗೆ ಮೀನಿನ ಹಿಂಡು ಕಾಣುವುದಿಲ್ಲ, ಅವರಿಗೆ ಬರೀ ನೀರು. ಗುಡ್ಡದ ಮೇಲೆ ನಿಂತವನಿಗೆ ಅದು ನೀರೊಳಗೆ ಕಪ್ಪು ನೆರಳಾಗಿ ಕಾಣುತ್ತದೆ. ಅವನು ಕೆಂಪು ಬಟ್ಟೆ ಬೀಸಿ ದೋಣಿ ನಡೆಸಬೇಕು. ಎಡಕ್ಕೆ ಬೀಸಿದರೆ ಎಡಕ್ಕೆ, ಬಲಕ್ಕೆ ಬೀಸಿದರೆ ಬಲಕ್ಕೆ. ತಲೆಯ ಮೇಲೆ ಗಿರಗಿರ ತಿರುಗಿಸಿದರೆ ‘ನುಗ್ಗಿ, ಬಲೆ ಹಾಕಿ’. ಕೆಳಗೆ ಕೂತು ಬಟ್ಟೆಯನ್ನು ತೊಡೆಯ ಮೇಲೆ ಹಾಸಿಕೊಂಡರೆ ‘ನಿಲ್ಲಿ, ಹುಟ್ಟು ಎತ್ತಿ, ಯಾರೂ ಅಲ್ಲಾಡಬೇಡಿ’. ನನ್ನ ಅಪ್ಪ ಆ ಕೆಲಸ ಮಾಡುತ್ತಿದ್ದ, ಅವನ ಕಣ್ಣು ಮಂಜಾದ ಮೇಲೆ ನಾನು ಮಾಡಿದೆ. ಯಂತ್ರದ ದೋಣಿಗಳು ಬಂದು ರಂಪಣಿ ಮೂಲೆ ಸೇರಿತು, ನಾನು ಐಸಿಗೆ ಸೇರಿದೆ.

ವೇಣಿಗೆ ಇದನ್ನೆಲ್ಲ ಆಟದ ಹಾಗೆ ಕಲಿಸಿದ್ದೆ. ಚಿಕ್ಕವಳಿದ್ದಾಗ ನಾನು ಗುಡ್ಡದ ಮೇಲೆ, ಅವಳು ಹೊಯಿಗೆಯ ಮೇಲೆ. ನಾನು ಬೀಸಿದ ಕಡೆ ಅವಳ ಓಟ. ಮುಂದೆ ಪಂದ್ಯಗಳಲ್ಲೂ ಅದೇ ಅಭ್ಯಾಸವಾಯಿತು. ಬೇಸಿನ ಮೇಲೆ ನಿಂತು ಅವಳು ಒಮ್ಮೆ ನನ್ನತ್ತ ನೋಡುವಳು. ನಾನು ಅದೇ ಕೆಂಪು ಟವಾಲು ಗಿರಗಿರ ತಿರುಗಿಸಿದರೆ ಬಾಣದ ಹಾಗೆ ಹೊರಟಳು. ತೊಡೆಯ ಮೇಲೆ ಹಾಸಿದರೆ ಅಲ್ಲೇ ಕಂಬ.

ಒಂದು ಪಂದ್ಯದಲ್ಲಿ ಎದುರು ತಂಡದವರು ಈ ಸನ್ನೆಗೆ ತಕರಾರು ತೆಗೆದರು. ಅಕ್ಕೋರಿಗೂ ಸಿಟ್ಟು ಬಂದಿತ್ತು, ಬರಬೇಕಾದದ್ದೇ. ಕೋಚು ಅವರು, ಮಾತು ಕೇಳುವುದು ಮಾತ್ರ ಗ್ಯಾಲರಿಯಲ್ಲಿದ್ದ ಐಸ್ ಫ್ಯಾಕ್ಟರಿಯವನದು. ತೈವಾನಿನ ಒಂದು ಬಂದರಿನ ಊರಿಂದ ವೇಣಿ ಆಡುತ್ತಿದ್ದ, ಅಕ್ಕೋರೇ ಕೋಚಾಗಿದ್ದ ರಾಜ್ಯದ ಹುಡುಗಿಯರ ತಂಡಕ್ಕೆ ಕರೆ ಬಂದು, ಪಾಲಕರಲ್ಲಿ ಒಬ್ಬರು ಜೊತೆಗೆ ಬರಬಹುದು ಅಂದಾಗ ನಾನು ಎರಡೂ ಕೈ ಎತ್ತಿದೆ. ಅಕ್ಕೋರು ನನ್ನನ್ನು ಬದಿಗೆ ಕರೆದರು.

‘ನೀವು ಬರೂದಕ್ಕೆ ನಂದೇನೂ ಅಡ್ಡಿಲ್ಲ. ಆದ್ರೆ ಅಲ್ಲಿ ಟವಾಲು ಬೀಸೂಕಿಲ್ಲ. ಮಾತು ಕೊಡಿ.’

‘ಕೊಟ್ಟೆ ಅಕ್ಕೋರೆ.’

‘ಇದನ್ನ ವೇಣಿಗೆ ಹೇಳೂದು ಬೇಡ. ಹೊರಡೂ ಹೊತ್ತಿಗೆ ಅವಳ ಮನಸ್ಸು ಕೆಡಿಸ್ಬಾರ್ದು.’

ನನಗೂ ಅದೇ ಸರಿ ಎನಿಸಿತು. ಮಗಳ ಮುಂದೆ ‘ನನ್ನ ಕೈ ಕಟ್ಟಿದ್ದಾರೆ’ ಎಂದು ಹೇಳಿಕೊಳ್ಳಲು ಯಾವ ಅಪ್ಪನಿಗೆ ಮನಸ್ಸು ಬಂದೀತು?

ವಿಮಾನ ನಿಲ್ದಾಣದ ನಾಯಿ

ಮೇ ತಿಂಗಳು. ಅಂಕೋಲೆಯಲ್ಲಿ ಕರಿ ಈಶಾಡ ಮಾವಿನ ಕಾಲ. ಶಾರದಾ ನನಗೆ ಗೊತ್ತಿಲ್ಲದೆ ಎರಡು ಹಣ್ಣನ್ನು ನನ್ನ ಲುಂಗಿಯಲ್ಲಿ ಸುತ್ತಿ ಚೀಲದ ತಳಕ್ಕೆ ಸೇರಿಸಿದ್ದಳು. ‘ಪರದೇಶದಲ್ಲಿ ಮಗು ಬಾಯಿಗೆ ರುಚಿ ಇಲ್ದೆ ಸೊರಗ್ತದೆ’ ಎಂಬ ಲೆಕ್ಕ ಅವಳದು.

ತೈವಾನಿನಲ್ಲಿ ಇಳಿದು ಸಾಮಾನಿಗೆ ಕಾಯುತ್ತಿದ್ದಾಗ ಒಂದು ಗಿಡ್ಡ ನಾಯಿ ಬಂತು. ಜೋಲು ಕಿವಿ, ಮೈಮೇಲೆ ಹಸಿರು ಅಂಗಿ. ಎಲ್ಲರ ಚೀಲ ಮೂಸುತ್ತ ಬಂದು ನನ್ನ ಚೀಲದ ಪಕ್ಕ ಸುಮ್ಮನೆ ಕೂತುಬಿಟ್ಟಿತು. ಬೊಗಳಲಿಲ್ಲ, ಗುರ್ ಅನ್ನಲಿಲ್ಲ. ಪಾಪ, ದಣಿದಿರಬೇಕು ಎಂದುಕೊಂಡು ಅದರ ತಲೆ ಸವರಿದೆ. ಹುಡುಗಿಯರೆಲ್ಲ ‘ಅಂಕಲ್, ನಿಮ್ಮನ್ನ ಹಚ್ಚಿಕೊಂಡಿತು’ ಎಂದು ನಕ್ಕರು.

ನಾಯಿ ಹಿಡಿದಿದ್ದ ಪೊಲೀಸಮ್ಮ ನಗಲಿಲ್ಲ. ಚೀಲ ತೆಗೆಸಿದಳು. ಲುಂಗಿಯೊಳಗಿಂದ ಕರಿ ಈಶಾಡದ ಪರಿಮಳ ಎದ್ದು ಬಂತು. ಹೊರಗಿನ ಹಣ್ಣು ಆ ದೇಶದೊಳಗೆ ಹೋಗುವ ಹಾಗಿಲ್ಲವಂತೆ. ನಾಯಿ ಕೂತಿತು ಅಂದರೆ ‘ಇಲ್ಲಿದೆ’ ಎಂದು ಅರ್ಥವಂತೆ. ಹಣ್ಣನ್ನು ಕಣ್ಣೆದುರೇ ಡಬ್ಬಿಗೆ ಹಾಕಿದರು. ಅಕ್ಕೋರು ತಲೆಯ ಮೇಲೆ ಕೈ ಇಟ್ಟುಕೊಂಡರು.

ಸುಮ್ಮನೆ ಕೂತರೂ ಅದೊಂದು ಮಾತೇ ಎಂಬುದನ್ನು ಆ ನಾಯಿ ಅವತ್ತೇ ಹೇಳಿತ್ತು. ನನ್ನ ಮಂಡೆಗೆ ಹೋಗಲಿಲ್ಲ.

ಮೇಯ್ ಬಾಯಿಯ ಮನೆ

ಹುಡುಗಿಯರಿಗೆ ಶಾಲೆಯಲ್ಲಿ ಬಿಡಾರ. ನನಗೆ ಅಲ್ಲಿಯ ಆಟಗಾರ್ತಿ ಲಿನ್ ಎಂಬ ಹುಡುಗಿಯ ಮನೆಯಲ್ಲಿ. ಅವಳ ತಾಯಿಯ ಹೆಸರಿನಲ್ಲಿ ನನ್ನ ಕಿವಿಗೆ ಸಿಕ್ಕಿದ್ದು ‘ಮೇಯ್’ ಎಂಬುದಷ್ಟೇ. ಬರೀ ಹೆಸರು ಹಿಡಿದು ಕರೆಯುವುದು ಹೇಗೆ? ನಮ್ಮ ಕಾರವಾರದಲ್ಲಿ ಹೆಂಗಸರನ್ನು ಗೌರವದಿಂದ ಕರೆಯುವ ಲೆಕ್ಕದಲ್ಲಿ ‘ಮೇಯ್ ಬಾಯಿ’ ಅಂದೆ. ಅವರಿಗೆ ಖುಷಿಯಾಯಿತು. ಗಂಡನಿಗೆ ದೋಣಿ, ಹೆಂಡತಿಗೆ ಮೀನು ಮಾರಾಟ. ಬಾಗಿಲಲ್ಲಿ ಚಪ್ಪಲಿ ಬಿಡುವುದು ನಮ್ಮ ಹಾಗೆಯೇ, ಹಿತ್ತಲಲ್ಲಿ ಬಲೆ ಒಣಗುವುದು ನಮ್ಮ ಹಾಗೆಯೇ. ಮನೆಯ ವಾಸನೆಗೆ ಕಣ್ಣು ಮುಚ್ಚಿದರೆ ಹಾರವಾಡ.

ಮೊದಲ ಸಂಜೆ ಬೀದಿಯಲ್ಲಿ ಪಿಟೀಲಿನ ಹಾಗೆ ಸಣ್ಣ ಸಂಗೀತ ಕೇಳಿತು. ಐಸ್‌ಕ್ಯಾಂಡಿ ಗಾಡಿಯೇ ಇರಬೇಕು! ಐಸಿನವನಿಗೆ ಐಸಿನ ಮೋಹ ಬಿಟ್ಟೀತೆ? ಚಿಲ್ಲರೆ ಹಿಡಿದು ಬರಿಗಾಲಲ್ಲಿ ಓಡಿದೆ. ಸಾಲು ನಿಂತಿತ್ತು, ನಾನೂ ನಿಂತೆ. ಎಲ್ಲರ ಕೈಯಲ್ಲೂ ಒಂದೊಂದು ಚೀಲ. ನನ್ನ ಸರದಿ ಬಂದಾಗ ನೋಡುತ್ತೇನೆ, ಕಸದ ಲಾರಿ! ಆ ಊರಲ್ಲಿ ಕಸದ ಗಾಡಿ ಹಾಡು ಹೇಳುತ್ತ ಬರುತ್ತದೆ, ಜನ ತಾವೇ ಬಂದು ಕಸ ಹಾಕುತ್ತಾರೆ. ಚಿಲ್ಲರೆ ಚಾಚಿ ನಿಂತ ನನ್ನನ್ನು ನೋಡಿ ಮೇಯ್ ಬಾಯಿ ಗೋಡೆಗೆ ಒರಗಿ ನಕ್ಕರು.

ಊಟಕ್ಕೆ ಇಡೀ ಮೀನು ಬೇಯಿಸಿದ್ದರು. ಅರಿಶಿಣವಿಲ್ಲ, ಮೆಣಸಿಲ್ಲ, ಬರೀ ಶುಂಠಿ. ರುಚಿ ಇತ್ತು, ಸುಳ್ಳು ಹೇಳಬಾರದು. ಮೇಲಿನ ಬದಿ ಮುಗಿಸಿ, ಅಡಿಯ ಬದಿಗಾಗಿ ಮೀನನ್ನು ಮಗುಚಿ ಹಾಕಲು ಹೋದೆ. ಮೇಯ್ ಬಾಯಿ ‘ಅಯ್ಯೋ’ ಎಂಬಂಥದ್ದೇನೋ ಕೂಗಿ ನನ್ನ ಕೈ ಹಿಡಿದರು. ಲಿನ್ ಶಾಲೆಯ ಹರಕು ಇಂಗ್ಲಿಷಿನಲ್ಲಿ ತಿಳಿಸಿದಳು. ತಟ್ಟೆಯಲ್ಲಿ ಮೀನು ಮಗುಚಿದರೆ ಕಡಲಲ್ಲಿ ದೋಣಿ ಮಗುಚುತ್ತದಂತೆ. ನಡುವಿನ ಮುಳ್ಳನ್ನು ಎತ್ತಿ ತೆಗೆದು ಹಾಗೆಯೇ ತಿನ್ನಬೇಕು.

ನನಗೆ ನಗು ಬರಲಿಲ್ಲ. ಕಡಲಿಗೆ ಹೊರಟವನನ್ನು ನಮ್ಮಲ್ಲಿ ‘ಎಲ್ಲಿಗೆ?’ ಎಂದು ಯಾರಾದರೂ ಕೇಳಿದರೆ ನನ್ನ ಅವ್ವ ಅವತ್ತು ದೋಣಿ ಇಳಿಸಲು ಬಿಡುತ್ತಿರಲಿಲ್ಲ. ಕಡಲ ಬದಿಯ ಜನರ ಹಣೆಬರಹವೇ ಇದು, ಕೂತರೆ ಒಂದು ಅರ್ಥ, ಎದ್ದರೆ ಒಂದು ಅರ್ಥ. ನಾನು ಮುಳ್ಳನ್ನು ನಾಜೂಕಾಗಿ ಎತ್ತಿಟ್ಟೆ. ಮೇಯ್ ಬಾಯಿ ಹೆಬ್ಬೆರಳು ತೋರಿಸಿದರು.

ಮೈದಾನ

ಅಲ್ಲಿಯ ತಂದೆತಾಯಿಯರು ಡೋಲು ತರುತ್ತಾರೆ. ಒಬ್ಬೊಬ್ಬ ಹುಡುಗಿ ಬ್ಯಾಟು ಹಿಡಿದಾಗಲೂ ಅವಳಿಗೇ ಎಂದು ಒಂದು ಕೂಗು, ಅದಕ್ಕೊಂದು ತಾಳ. ಆದರೆ ಎದುರಿನ ಹುಡುಗಿ ಬಿದ್ದರೆ ಡೋಲು ನಿಲ್ಲುತ್ತದೆ, ಎದ್ದ ಮೇಲೆ ಎಲ್ಲರೂ ಚಪ್ಪಾಳೆ. ಪಂದ್ಯ ಮುಗಿದ ಮೇಲೆ ಎರಡೂ ತಂಡದವರು ಸಾಲಾಗಿ ನಿಂತು ನಮ್ಮ ಕಡೆಗೂ ತಲೆಬಾಗಿದರು. ನಮ್ಮ ಕಡೆ ಅಂದರೆ ನಾನೊಬ್ಬನೇ. ನಮ್ಮಲ್ಲಿ ಪಂದ್ಯ ಮುಗಿದ ಕೂಡಲೇ ಅಂಪೈರನ್ನು ಹುಡುಕುತ್ತಾರೆ, ಅದು ತಲೆಬಾಗುವುದಕ್ಕಂತೂ ಅಲ್ಲ.

ಸೆಕೆ ಅಂದರೆ ಸೆಕೆ. ಮಳೆ ಬರುವ ಮುಂಚಿನ ಅಂಕೋಲೆ ಪೇಟೆಯಂಥ ಸೆಕೆ. ಬೆವರು ಒರೆಸಲು ಟವಾಲು ಬೇಕೇ ಬೇಕು. ಆದರೆ ಮಾತು ಕೊಟ್ಟವನು. ಟವಾಲು ಕೈಯಲ್ಲಿದ್ದರೆ ಕೈ ತಾನೇ ಏಳುತ್ತದೆ ಎಂಬ ಹೆದರಿಕೆಯಿಂದ ಅದನ್ನು ತೊಡೆಯ ಮೇಲೆ ಹಾಸಿ, ಅದರ ಮೇಲೆ ಎರಡೂ ಕೈ ಒತ್ತಿಟ್ಟು ಕೂತೆ. ದೇವಸ್ಥಾನದಲ್ಲೂ ನಾನು ಅಷ್ಟು ಭಕ್ತಿಯಿಂದ ಕೂತವನಲ್ಲ. ಅಕ್ಕೋರು ದೂರದಿಂದಲೇ ನೋಡಿ ‘ಸರಿ’ ಎಂಬಂತೆ ತಲೆಯಾಡಿಸಿದರು.

ಆದರೆ ನನ್ನ ಮಗಳಿಗೆ ಏನೋ ಆಗಿತ್ತು. ಹೊಡೆಯುವುದು ಚೆನ್ನಾಗಿಯೇ ಹೊಡೆದಳು. ಬೇಸಿಗೆ ಬಂದ ಮೇಲೆ ಮಾತ್ರ ಕಾಲು ಕಿತ್ತು ಬರುತ್ತಿರಲಿಲ್ಲ. ನಾಲ್ಕು ಹೆಜ್ಜೆ ಹೋಗುವಳು, ನಿಲ್ಲುವಳು, ತಿರುಗಿ ಬರುವಳು. ಅಕ್ಕೋರು ಕಿರುಚಿ ಗಂಟಲು ಕಟ್ಟಿಸಿಕೊಂಡರು. ಎರಡನೆಯ ಪಂದ್ಯದಲ್ಲೂ ಅದೇ ಹಾಡು. ಉಳಿದ ಹುಡುಗಿಯರ ಆಟದಿಂದ ತಂಡ ಹೇಗೋ ಮುಂದೆ ದಾಟಿತು.

ನೀರು ಬದಲಾದದ್ದಕ್ಕೆ ಇರಬೇಕು, ಅನ್ನ ಸೇರದೆ ಇರಬೇಕು, ಕಾಲು ಉಳುಕಿರಬೇಕು, ಏನೇನೋ ಎಣಿಸಿದೆ. ಸಂಜೆ ಬಿಡಾರಕ್ಕೆ ಹೋಗಿ, ಮನೆಯಿಂದ ತಂದಿದ್ದ ತೆಂಗಿನೆಣ್ಣೆ ಬಿಸಿ ಮಾಡಿ ಅವಳ ಕಾಲಿಗೆ ತಿಕ್ಕಿದೆ.

‘ನೋವು ಎಲ್ಲಿದೆ ಮಗಾ?’

‘ಕಾಲು ಸರಿ ಇದೆ ಅಪ್ಪಾ.’ ಕಾಲು ಮಡಚಿಕೊಂಡು ಕೇಳಿದಳು: ‘ನಿಂಗೆ ಅಲ್ಲಿಂದ ಎಲ್ಲಾ ಸರಿ ಕಾಣ್ತದಾ?’

ನನ್ನ ಜಾಗ ಚೆನ್ನಾಗಿದೆಯೇ, ಅಪ್ಪನಿಗೆ ಆಟ ಕಾಣುತ್ತದೆಯೇ ಎಂದು ಕೇಳುತ್ತಿದ್ದಾಳೆ ಅಂದುಕೊಂಡೆ. ಎಷ್ಟು ಕಾಳಜಿ ಹುಡುಗಿಗೆ ಎಂದು ಎದೆ ಉಬ್ಬಿತು.

‘ಎಲ್ಲಾ ಕಾಣ್ತದೆ. ನಂಗೆ ಕಾಣ್ದೇ ಇರೂದು ಎಂತೂ ಇಲ್ಲ. ನೀ ಚಿಂತೆ ಮಾಡ್ಬೇಡ.’

‘ಹಾಗಾದ್ರೆ ಸರಿ’ ಅಂದಳು.

ಕೊನೆಯ ಪಂದ್ಯ

ಮೂರನೆಯ ಪಂದ್ಯ ಲಿನ್‌ಳ ತಂಡದ ಮೇಲೆ. ಗೆದ್ದವರಿಗೆ ಫೈನಲು, ಸೋತವರಿಗೆ ಮನೆ. ಅಕ್ಕೋರು ಬೆಳಿಗ್ಗೆಯೇ ನನ್ನ ಹತ್ತಿರ ಬಂದು ಹೇಳಿದ್ದರು: ‘ಇವತ್ತೂ ಇವಳು ಹೀಂಗೇ ನಿಂತ್ರೆ, ಮುಂದಿನ ವರ್ಷ ರಾಜ್ಯದ ತಂಡಕ್ಕೆ ಇವಳ ಹೆಸರು ಕೊಡೂದು ನಂಗೆ ಕಷ್ಟ. ತನ್ನೂರ ಹುಡುಗಿ ಅಂತ ಕೊಟ್ಳು ಅಂತ ಜನ ಆಡ್ಕೊಳ್ತಾರೆ.’ ನಾನು ಚಹಾ ಅಲ್ಲೇ ಬಿಟ್ಟು ಮೈದಾನಕ್ಕೆ ಹೊರಟೆ.

ಮೇಯ್ ಬಾಯಿ ತಮ್ಮ ಕಡೆಯವರನ್ನು ಬಿಟ್ಟು ನನ್ನ ಪಕ್ಕದಲ್ಲೇ ಬಂದು ಕೂತರು. ಒಬ್ಬನೇ ಇದ್ದೇನಲ್ಲ ಎಂದು ಮರುಕ. ಲಿನ್ ‘ಹೋಮ್’ ಬೇಸಿನ ಹಿಂದೆ ಕೂತು ಚೆಂಡು ಹಿಡಿಯುವವಳು. ಆಟ ಕೊನೆಯ ಸುತ್ತಿಗೆ ಬಂದಾಗ ಅವರದು ಒಂದೇ ಒಂದು ರನ್ ಮುಂದಿತ್ತು. ನಮ್ಮಲ್ಲಿ ಇನ್ನೊಬ್ಬಳು ಔಟಾದರೆ ಆಟ ಮುಗಿದಂತೆ. ವೇಣಿ ಮೂರನೇ ಬೇಸಿನ ಮೇಲೆ ನಿಂತಿದ್ದಳು. ಅವಳು ಮನೆ ಮುಟ್ಟಿದರೆ ಸಮಸಮ.

ಚೆಂಡು ಬಂತು. ನೆಲಕ್ಕೆ ಬಡಿದು, ಲಿನ್‌ಳ ಕೈಗೆ ಸಿಗದೆ ಹಿಂದಕ್ಕೆ ಉರುಳಿ ಹೋಯಿತು. ದೂರ, ಬೇಲಿಯ ತನಕ! ಹಾಗೆ ತಪ್ಪಿಹೋದ ಚೆಂಡಿಗೂ ಬೇಸಿನ ಮೇಲಿದ್ದವಳು ಓಡಬಹುದು. ‘ಓಡು ವೇಣಿ, ಓಡೇ!’ ಎಂದು ಅಕ್ಕೋರು ಹೊಯ್ಕೊಂಡರು. ವೇಣಿ ಚಿಗರೆಯ ಹಾಗೆ ಹಾರಿದಳು. ಅರ್ಧ ದಾರಿಗೆ ಬಂದವಳು ತಲೆ ಎತ್ತಿ ನನ್ನತ್ತ ನೋಡಿದಳು.

ನನ್ನ ಕೈ ಟವಾಲಿನ ಸಮೇತ ಎದ್ದೇಬಿಡುತ್ತಿತ್ತು. ಗುಡ್ಡದ ಮೇಲೆ ನಿಂತವನ ಕೈ ಅದು, ಕಪ್ಪು ನೆರಳು ಕಂಡ ಕೂಡಲೇ ಏಳುವ ಕೈ. ಕೊಟ್ಟ ಮಾತು ನೆನಪಾಯಿತು. ಹಲ್ಲು ಕಚ್ಚಿ ಟವಾಲನ್ನು ತೊಡೆಗೆ ಇನ್ನೂ ಬಲವಾಗಿ ಒತ್ತಿ ಹಿಡಿದೆ.

ವೇಣಿ ನಿಂತುಬಿಟ್ಟಳು. ದಾರಿಯ ನಡುವೆ, ಅತ್ತಲೂ ಇಲ್ಲ ಇತ್ತಲೂ ಇಲ್ಲ. ಲಿನ್ ಚೆಂಡು ಹೆಕ್ಕಿ ಓಡಿ ಬಂದು ಅವಳ ತೋಳು ಮುಟ್ಟಿದಳು. ಮುಟ್ಟಿದವಳೂ ನಂಬದೆ ಅವಳ ಮುಖವನ್ನೇ ನೋಡುತ್ತ ನಿಂತಳು. ಡೋಲು ಬಾರಿಸಲು ಆ ಕಡೆಯವರೂ ಸ್ವಲ್ಪ ತಡ ಮಾಡಿದರು. ಮೇಯ್ ಬಾಯಿ ಮಗಳು ಗೆದ್ದದ್ದನ್ನು ಬಿಟ್ಟು ನನ್ನ ಬೆನ್ನು ಸವರಿದರು.

ಅಕ್ಕೋರು ವೇಣಿಯನ್ನು ಎಲ್ಲರೆದುರೇ ಕೇಳಿದರು: ‘ನಾ ಅಷ್ಟು ಕೂಗಿದ್ದು ಕೇಳ್ಲಿಲ್ವಾ ನಿಂಗೆ? ಎಂತಕೆ ನಿಂತೆ?’ ವೇಣಿ ತಲೆ ತಗ್ಗಿಸಿ ಬೈಗುಳ ತಿಂದಳು.

ಬಂದರಿನ ಕಟ್ಟೆ

ಸಂಜೆ ಅವಳನ್ನು ಬಂದರಿಗೆ ಕರೆದುಕೊಂಡು ಹೋದೆ. ದೋಣಿಗಳಿಗೆ ಐಸು ತುಂಬುತ್ತಿದ್ದರು. ಬೇರೆ ದಿನವಾಗಿದ್ದರೆ ನಾನು ಹೋಗಿ ಐಸಿನ ಗಟ್ಟಿ ಮುಟ್ಟಿ ನೋಡಿ, ತಲೆಹರಟೆ ಮಾಡಿ ಬರುತ್ತಿದ್ದೆ. ಅವತ್ತು ಇಬ್ಬರೂ ನೇರ ಹೋಗಿ ಕಟ್ಟೆಯ ಮೇಲೆ ಕೂತೆವು.

‘ಹೋಗ್ಲಿ ಬಿಡು ಮಗಾ’ ಅಂದೆ. ‘ಆದ್ರೆ ಅರ್ಧಕ್ಕೆ ಎಂತಕೆ ನಿಂತೆ ಹೇಳು. ಚೆಂಡು ಬೇಲಿಗೆ ಹೋಗಿತ್ತು.’

ಅವಳು ಆಶ್ಚರ್ಯದಿಂದ ನನ್ನನ್ನು ನೋಡಿದಳು. ‘ನೀನೇ ನಿಲ್ಲು ಅಂದೆ ಅಲ್ಲ ಅಪ್ಪಾ?’

‘ನಾನೆಲ್ಲಿ ಅಂದೆ?’

‘ಟವಾಲು ತೊಡೆ ಮೇಲೆ ಇತ್ತಲ. ಮೂರು ಪಂದ್ಯಕ್ಕೂ ಅಲ್ಲೇ ಇತ್ತು. ಇವತ್ತಂತೂ ಎರಡೂ ಕೈಯಿಂದ ಒತ್ತಿ ತೋರ್ಸ್ದೆ. ಚೆಂಡು ಎಷ್ಟು ದೂರ ಹೋಯ್ತು ಅಂತ ನಂಗೆ ಸರಿ ಕಾಣ್ಲಿಲ್ಲ, ಅಕ್ಕೋರು ಓಡು ಅಂತಾರೆ, ಆದ್ರೆ ನಿಂಗೆ ಮೇಲಿಂದ ಎಂತೋ ಕಂಡಿರ್ಬೇಕು ಅಂದ್ಕಂಡೆ. ಎಲ್ಲಾ ಕಾಣ್ತದೆ ಅಂದಿದ್ದೆ ಅಲ್ದಾ?’

ಹುಟ್ಟು ಎತ್ತಿ, ಯಾರೂ ಅಲ್ಲಾಡಬೇಡಿ. ನನ್ನ ಅಪ್ಪ ಕಲಿಸಿದ್ದು, ನಾನು ಅವಳಿಗೆ ಕಲಿಸಿದ್ದು. ಟವಾಲು ಬೀಸಲಿಲ್ಲ, ಮಾತು ಉಳಿಸಿಕೊಂಡೆ ಎಂದು ನಾನು ಬೀಗುತ್ತ ಕೂತಿದ್ದೆನಲ್ಲ! ಆಟ ಶುರುವಾದಾಗಿನಿಂದ ಮುಗಿಯುವ ತನಕ ‘ನಿಲ್ಲು, ನಿಲ್ಲು’ ಎಂದು ಬಾಯಿ ಬಿಡದೆ ಕೂಗಿದವನು ನಾನೇ. ಟವಾಲನ್ನು ಹೆಗಲಿಗೆ ಹಾಕಿಕೊಂಡಿದ್ದರೆ ಸಾಕಿತ್ತು. ತಲೆಗೆ ಸುತ್ತಿಕೊಂಡಿದ್ದರೆ ಸಾಕಿತ್ತು. ಕಡಲಿಗೆ ಎಸೆದಿದ್ದರೂ ಆಗಿತ್ತು.

ಅಕ್ಕೋರಿಗೆ ಮಾತು ಕೊಟ್ಟಿದ್ದನ್ನು ಹೇಳಿದೆ. ಅವಳು ಕೇಳಿಸಿಕೊಂಡಳು. ಸಿಟ್ಟು ಮಾಡಿದ್ದರೆ, ಅತ್ತು ಗಲಾಟೆ ಮಾಡಿದ್ದರೆ ನನಗೆ ಹಗುರಾಗುತ್ತಿತ್ತು.

‘ನಂಗೆ ಹೇಳ್ಬಾರ್ದಿತ್ತಾ ಅಪ್ಪಾ?’ ಅಂದಳು, ಅಷ್ಟೇ.

ಮರಳುವಾಗ ವಿಮಾನದಲ್ಲಿ ಅಕ್ಕೋರ ಪಕ್ಕ ಕೂತು ಎಲ್ಲ ಹೇಳಿದೆ. ಅವರು ಕಿಟಕಿಯ ಕಡೆ ತಿರುಗಿದರು. ಆಮೇಲೆ, ‘ಅವಳಿಗೆ ಹೇಳ್ಬೇಡಿ ಅಂದವಳು ನಾನೇ ಅಲ್ವಾ’ ಅಂದರು. ವೇಣಿಯ ಹೆಸರು ಮುಂದಿನ ವರ್ಷವೂ ಕೊಟ್ಟರು, ದೊಡ್ಡ ಮನಸ್ಸು.

ಕಾರವಾರ

ಊರಿಗೆ ಬಂದು ಟವಾಲನ್ನು ಮಡಚಿ ಶಾರದಾಳ ಕೈಗೆ ಕೊಟ್ಟೆ. ಈಗ ಅದು ಅಡುಗೆಮನೆಯಲ್ಲಿ ಬಿಸಿ ಪಾತ್ರೆ ಇಳಿಸುತ್ತದೆ. ಬಟ್ಟೆ ಹೋದರೆ ಎಲ್ಲ ಸರಿಹೋಯಿತು ಎಂದುಕೊಂಡೆ. ಅಂಕೋಲೆಯಲ್ಲಿ ನಡೆದ ಮೊದಲ ಪಂದ್ಯಕ್ಕೆ ಬರಿಗೈಯಲ್ಲಿ ಹೋಗಿ ಕೂತೆ. ವೇಣಿ ಮೂರನೇ ಬೇಸಿಗೆ ಬಂದು ನನ್ನತ್ತ ನೋಡಿದಳು. ಕೈ ಎಲ್ಲಿಡಲಿ? ಕಟ್ಟಿದರೆ ಏನು ಅರ್ಥ, ಬಿಟ್ಟರೆ ಏನು ಅರ್ಥ? ಅವಳಿಗೂ ಗೊತ್ತಾಗಲಿಲ್ಲ. ನನ್ನನ್ನೇ ನೋಡುತ್ತ ನಿಂತಳು, ಹೊತ್ತು ಮೀರಿತು.

ಅವತ್ತೇ ತೀರ್ಮಾನ ಮಾಡಿದೆ. ‘ಸೀಸನ್ನು ಶುರುವಾಯ್ತು ಮಗಾ, ಫ್ಯಾಕ್ಟರಿ ಬಿಟ್ಟು ಬರೂಕೆ ಆಗೂದಿಲ್ಲ’ ಎಂದು ಮನೆಯಲ್ಲಿ ಸಾರಿಬಿಟ್ಟೆ. ಶಾರದಾ ನನ್ನ ಹಣೆ ಮುಟ್ಟಿ ಜ್ವರ ಇದೆಯಾ ಎಂದು ನೋಡಿದಳು.

ಕಾರವಾರದಲ್ಲಿ ಪಂದ್ಯವಿದ್ದ ದಿನ ಮೈದಾನದ ಗೋಡೆಯಾಚೆ ಒಂದು ಕಬ್ಬಿನ ಹಾಲಿನ ಗಾಡಿ ನಿಂತಿತ್ತು. ನಾನು ಅದರ ಮರೆಯಲ್ಲಿ ನಿಂತೆ. ಗಾಣ ತಿರುಗಿಸುವವನು ‘ಸಾಹೇಬ್ರೆ, ಕುಡೀತ್ರೋ ಇಲ್ಲಾ ಬರೀ ನಿಲ್ತ್ರೋ?’ ಎಂದು ಕೇಳಿದ. ಕುಡಿದೆ, ಮತ್ತೆ ಕುಡಿದೆ. ಗೋಡೆಯ ಮೇಲಿಂದ ಅರ್ಧ ಮೈದಾನ ಕಾಣುತ್ತಿತ್ತು. ಮೂರನೇ ಬೇಸು ಕಾಣುತ್ತಿತ್ತು.

ವೇಣಿ ಅಲ್ಲಿಗೆ ಬಂದಳು. ಗ್ಯಾಲರಿಯಲ್ಲಿ ನಾನು ಯಾವತ್ತೂ ಕೂರುವ ಜಾಗದ ಕಡೆ ತಲೆ ಎತ್ತಿದಳು. ಸ್ವಲ್ಪ ಹೊತ್ತು ಅಲ್ಲೇ ನೋಡಿದಳು. ಆಮೇಲೆ ಮುಖ ತಿರುಗಿಸಿ ಚೆಂಡನ್ನು ನೋಡಿದಳು, ಹೊರಟಳು. ಎಂಥ ಓಟ ಅದು! ನನ್ನ ಕೈಯಲ್ಲಿದ್ದ ಗ್ಲಾಸು ತಲೆಯ ಮೇಲೆ ಗಿರಗಿರ ತಿರುಗಿ ಕಬ್ಬಿನ ಹಾಲೆಲ್ಲ ನನ್ನ ಅಂಗಿಯ ಮೇಲೆ ಬಿತ್ತು.

ಸಂಜೆ ಅವಳು ಮನೆಗೆ ಬರುವಷ್ಟರಲ್ಲಿ ನಾನು ಅಂಗಿ ಬದಲಿಸಿ ಏನೂ ಗೊತ್ತಿಲ್ಲದವನ ಹಾಗೆ ಜಗಲಿಯಲ್ಲಿ ಕೂತಿದ್ದೆ.

‘ಗೆದ್ವಿ ಅಪ್ಪಾ!’

‘ಹೌದಾ? ಹೆಂಗೆ, ಹೇಳು ಹೇಳು.’

ಅವಳು ಕೈ ಬೀಸಿ ಬೀಸಿ ಹೇಳಿದಳು. ನಾನು ಮೊದಲ ಸಲ ಕೇಳುವವನಂತೆ ಬಾಯಿ ತೆರೆದು ಕೇಳಿದೆ. ಮೂರನೇ ಬೇಸಿಗೆ ಬಂದಾಗ ಅವಳ ದನಿ ಸ್ವಲ್ಪ ಇಳಿಯಿತು.

‘ಆ ಕಡೆ ಒಂದ್ಸಲ ನೋಡ್ದೆ ಅಪ್ಪಾ. ನೀ ಇರ್ಲಿಲ್ಲ. ಓಡ್ಬಿಟ್ಟೆ.’

‘ಚೊಲೋ ಮಾಡ್ದೆ ಮಗಾ’ ಅಂದೆ.